ಇಬ್ಬರ ಅಮ್ಮಂದಿರದ್ದೂ ಅಲ್ಲದ ಅಡುಗೆಮನೆ

ನಮ್ಮ ಮನೆಯಲ್ಲಿ ಹನಿಮೂನ್ ಅಂದರೆ ಧರ್ಮಸ್ಥಳ. ಅಪ್ಪ ಅಮ್ಮ ಮದುವೆಯಾದ ಮೇಲೆ ಮೊದಲು ಹೋಗಿದ್ದು ಅಲ್ಲಿಗೇ. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಕೆಂಪು ಬಸ್ಸು ಹತ್ತಿದರು. ಜೊತೆಗೆ ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು, ಪಕ್ಕದ ಮನೆಯ ಒಂದು ಮಗು. ಬೆಳಗ್ಗೆ ನೇತ್ರಾವತಿಯಲ್ಲಿ ಸ್ನಾನ, ಮಂಜುನಾಥನ ದರ್ಶನ, ಪಂಕ್ತಿಯಲ್ಲಿ ಊಟ, ಮಧ್ಯಾಹ್ನ ಸುಬ್ರಹ್ಮಣ್ಯ. ಹೇಗಿತ್ತು ಅಂತ ಅಮ್ಮನನ್ನು ಕೇಳಿದರೆ, "ಚೆನ್ನಾಗೇ ಇತ್ತು. ನಿಮ್ಮಪ್ಪನ ಜೊತೆ ಮಾತಾಡೋಕೆ ಮಾತ್ರ ಆಗಲಿಲ್ಲ" ಅನ್ನುತ್ತಾರೆ. ಅತ್ತೆ ಮಾವನ ಕಥೆಯೂ ಹೆಚ್ಚುಕಮ್ಮಿ ಇದೇ. ಅವರದ್ದು ಬಸ್ಸಲ್ಲ, ವ್ಯಾನು. ಹಾಗಾಗಿ ಇನ್ನೂ ಜಾಸ್ತಿ ಜನ.

ನಮ್ಮ ಮದುವೆ ಆಗಿದ್ದು ವೈಶಾಖದ ಕೊನೆಯ ಮುಹೂರ್ತಗಳಲ್ಲಿ. ಆಮೇಲೆ ಬೀಗರೂಟ, ಮನೆದೇವರು, ಸತ್ಯನಾರಾಯಣ ಪೂಜೆ, ಮದುವೆಗೆ ಬರಲಾಗದವರ ಮನೆಗಳಲ್ಲಿ ಒಂದೊಂದು ಊಟ. ಮುಂದೆ ನೋಡಿದರೆ ಆಷಾಢ. ಹೊಸದಾಗಿ ಮದುವೆಯಾದ ಹುಡುಗಿ ಆ ತಿಂಗಳು ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಆಷಾಢದಲ್ಲಿ ಬಸುರಾದರೆ ಚೈತ್ರದ ಬಿಸಿಲಲ್ಲಿ ಬಾಣಂತನ, ಅದಕ್ಕೇ ಈ ಪದ್ಧತಿ ಅಂತ ದೊಡ್ಡವರ ಲೆಕ್ಕ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಇದನ್ನು ಬಿಟ್ಟಿವೆ. ನಮ್ಮ ಎರಡೂ ಮನೆ ಬಿಟ್ಟಿಲ್ಲ. ಅಂತೂ ನಮಗೆ ಸಿಕ್ಕಿದ್ದು ಮೇ ಕೊನೆಯ ವಾರ.

ನನ್ನ ಗಂಡ ಫೋನಿನಲ್ಲಿ ಒಂದಾದ ಮೇಲೊಂದು ಪ್ಯಾಕೇಜು ಕಳಿಸುತ್ತಿದ್ದ. ಎಲ್ಲದರಲ್ಲೂ ಒಂದೇ ಫೋಟೋ. ಹಾಸಿಗೆ ಮೇಲೆ ಗುಲಾಬಿ ಎಸಳು, ಟವೆಲ್ಲಿನಲ್ಲಿ ಮಡಚಿದ ಎರಡು ಹಂಸ, ಮೇಣದಬತ್ತಿ ಹಚ್ಚಿಟ್ಟ ಊಟದ ಟೇಬಲ್ಲು. ನನಗೆ ಅದು ಬೇಡ ಅನಿಸಿತು. ಕಾರಣ ಹೇಳಿದರೆ ಅವನು ನಕ್ಕ. ನನಗೆ ಬೇಕಾಗಿದ್ದು ಒಂದು ಅಡುಗೆಮನೆ.

ನೋಡಿ, ನಮ್ಮಂಥ ಮನೆಗಳಲ್ಲಿ ಹೊಸ ದಂಪತಿಗೆ ಮಲಗೋಕೆ ಒಂದು ರೂಮು ಕೊಡುತ್ತಾರೆ. ಅದಕ್ಕೆ ಹೊಸ ಮಂಚ, ಹೊಸ ಪರದೆ. ಆದರೆ ಸಂಸಾರ ನಡೆಯೋದು ರೂಮಿನಲ್ಲಿ ಅಲ್ಲ. ಅಡುಗೆಮನೆಯಲ್ಲಿ. ಆ ಅಡುಗೆಮನೆ ಯಾವಾಗಲೂ ಯಾರದೋ ಆಗಿರುತ್ತದೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಅದು ಅಮ್ಮನದ್ದು. ಅಲ್ಲಿ ನಾನು ಇಪ್ಪತ್ತೆಂಟು ವರ್ಷದವಳಾದರೂ ಚಿಕ್ಕ ಹುಡುಗಿಯೇ. ನಾಗರಬಾವಿಯ ಮನೆಯಲ್ಲಿ ಅದು ಅತ್ತೆಯದು. ಅತ್ತೆ ಒಳ್ಳೆಯವರು. ಮೊದಲ ದಿನವೇ "ಇದೆಲ್ಲಾ ನಿಂದೇ ಅಮ್ಮ" ಅಂದರು. ಆದರೆ ಸಾಸಿವೆ ಡಬ್ಬ ನಾನು ಇಟ್ಟ ಜಾಗದಲ್ಲಿ ಸಂಜೆವರೆಗೆ ಇರಲಿಲ್ಲ. ಅವನ ಸ್ಥಿತಿ ಇನ್ನೊಂದು ಥರ. ನೀರು ಕುಡಿಯೋಕೆ ಒಳಗೆ ಹೋದರೂ "ಏನು ಬೇಕಪ್ಪಾ, ನಾನು ಕೊಡ್ತೀನಿ, ನೀನು ಹೋಗು" ಅಂತ ಆಚೆ ಕಳಿಸುತ್ತಿದ್ದರು. ಮೂವತ್ತು ದಾಟಿದ ಗಂಡಸಿಗೆ ತನ್ನ ಮನೆಯಲ್ಲಿ ಸಕ್ಕರೆ ಎಲ್ಲಿರುತ್ತದೆ ಅಂತ ಗೊತ್ತಿರಲಿಲ್ಲ.

ಹುಡುಕಿದಾಗ ಕುಂದಾಪುರದ ಹತ್ತಿರ, ಕೋಟೇಶ್ವರ ದಾಟಿ ಕಡಲ ಕಡೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ ಮನೆ ಸಿಕ್ಕಿತು. ಒಂದು ರೂಮು, ಒಂದು ಜಗಲಿ, ಒಂದು ಅಡುಗೆಮನೆ, ಬಾವಿ. ತೆಂಗಿನ ತೋಟದ ಒಳಗೆ. ಮಳೆ ಹತ್ತಿರ ಬಂದಿದ್ದರಿಂದ ಬಾಡಿಗೆಯೂ ಕಮ್ಮಿ ಮಾಡಿದ್ದರು. "ಊಟದ ವ್ಯವಸ್ಥೆ ಇಲ್ಲ, ನೀವೇ ಮಾಡ್ಕೊಳ್ಬೇಕು" ಅಂತ ಅವರು ಫೋನಿನಲ್ಲಿ ಸಂಕೋಚದಿಂದ ಹೇಳಿದಾಗ ನಾನು ಅಲ್ಲೇ ಅಡ್ವಾನ್ಸ್ ಹಾಕಿಬಿಟ್ಟೆ.

ದಾರಿ ನಾನೂರು ಕಿಲೋಮೀಟರಿಗೂ ಜಾಸ್ತಿ. ಬೆಳಗಿನ ಜಾವವೇ ಹೊರಟು ನೆಲಮಂಗಲ ದಾಟಿಬಿಟ್ಟರೆ ಆಮೇಲೆ ಆರಾಮ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ರಾಷ್ಟ್ರೀಯ ಹೆದ್ದಾರಿ 75 ಚೆನ್ನಾಗಿದೆ, ಕಾರು ಓಡುತ್ತದೆ. ನಿಲ್ಲಿಸುವುದು ಟೋಲುಗಳಲ್ಲ. ಅಲ್ಲಿ ಫಾಸ್ಟ್ಯಾಗ್ ಇದೆ. ನಿಜವಾದ ಟೋಲು ಅಂದರೆ ನೆಂಟರು. ಗಂಡನ ಕಡೆಯವರು ಹಾಸನ ಜಿಲ್ಲೆ. ಚನ್ನರಾಯಪಟ್ಟಣದಲ್ಲಿ ಅವನ ಸೋದರತ್ತೆ. "ನಮ್ಮೂರ ಮೇಲೇ ಹೋಗ್ತಾ ಮನೆಗೆ ಬರದೆ ಹೋಗ್ತೀರಾ?" ಅಂತ ಹಿಂದಿನ ರಾತ್ರಿಯೇ ಫೋನು ಬಂದಿತ್ತು. ಹತ್ತು ನಿಮಿಷ ಅಂತ ಹೋದೆವು. ಹತ್ತು ನಿಮಿಷದಲ್ಲಿ ಯಾರಾದರೂ ಒಬ್ಬಟ್ಟು ತಿಂದು, ಅರಿಶಿನ ಕುಂಕುಮ ತಗೊಂಡು, ಸೀರೆ ಉಡಿ ತುಂಬಿಸಿಕೊಂಡು, ಆಲ್ಬಂ ನೋಡಿ ಹೊರಡೋಕೆ ಆಗುತ್ತಾ? ಹೊರಡುವಾಗ ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ ಇತ್ತು. ಕರಾವಳಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋದ ದಂಪತಿ ನಾವೇ ಇರಬೇಕು. ಜೊತೆಗೆ ಸಾರಿನ ಪುಡಿ, ಹುರುಳಿಕಾಳು, ಒಂದು ಡಬ್ಬ ತುಪ್ಪ. "ಹೋಟ್ಲಲ್ಲಿ ಏನೇನೋ ತಿನ್ಬೇಡಿ" ಅಂದರು.

ಸಕಲೇಶಪುರದ ಆಚೆ ಮಂಜರಾಬಾದ್ ಕೋಟೆ ಬರುತ್ತದೆ. ಟಿಪ್ಪು 1792ರಲ್ಲಿ ಮುಗಿಸಿದ ಕೋಟೆ, ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಹತ್ತೋಣ ಅಂದುಕೊಂಡಿದ್ದೆವು. ಒಬ್ಬಟ್ಟು ಬಿಡಲಿಲ್ಲ. ಶಿರಾಡಿ ಘಾಟಿಯಲ್ಲಿ ಅವನು ಡ್ರೈವಿಂಗ್ ನನಗೆ ಬಿಟ್ಟ. ಅದು ನನಗೆ ಇಷ್ಟವಾಯಿತು, ಅವನ ಕಾಲು ಮಾತ್ರ ಪಕ್ಕದ ಸೀಟಿನಲ್ಲಿ ಬ್ರೇಕು ಒತ್ತುತ್ತಲೇ ಇತ್ತು. ಕೆಳಗೆ ಕೆಂಪುಹೊಳೆ, ಆಚೆ ಗುಡ್ಡದ ಮೈಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿ. ಆ ಹಳಿಯಲ್ಲಿ 57 ಸುರಂಗ. ಈ ರಸ್ತೆಯನ್ನು 2018ರಲ್ಲಿ ಕಾಂಕ್ರೀಟ್ ಹಾಕೋಕೆ ಅಂತ ತಿಂಗಳುಗಟ್ಟಲೆ ಮುಚ್ಚಿದ್ದರು. ಈಗಲೂ ಜೋರು ಮಳೆ ಬಂದರೆ ಗುಡ್ಡ ಜರಿದು ಮುಚ್ಚುತ್ತದೆ. ಮೇ ತಿಂಗಳಲ್ಲಿ ಆ ಭಯ ಇರಲಿಲ್ಲ. ಲಾರಿಗಳ ಹಿಂದೆ ನಿಧಾನಕ್ಕೆ ಇಳಿದೆವು.

ಧರ್ಮಸ್ಥಳಕ್ಕೆ ಹೋಗಲೇಬೇಕಿತ್ತು. ಆ ಬಗ್ಗೆ ಚರ್ಚೆಯೇ ಇಲ್ಲ. ಹೋಗುವಾಗಲೇ ಮುಗಿಸಬೇಕು, ಮೀನು ತಿಂದು ಬರುವಾಗ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ ಅಂತ ಎರಡೂ ಅಮ್ಮಂದಿರು ಒಂದೇ ದನಿಯಲ್ಲಿ ಹೇಳಿದ್ದರು. ಮದುವೆಯಲ್ಲಿ ಅವರಿಬ್ಬರೂ ಒಪ್ಪಿದ ವಿಷಯ ಇದೊಂದೇ. ದರ್ಶನ, ಊಟ, ಫೋಟೋ ತೆಗೆದು ಎರಡೂ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದು, ಎಲ್ಲಾ ಆಯಿತು. ಅಲ್ಲಿಗೆ ಮನೆಯವರ ಹನಿಮೂನ್ ಮುಗಿಯಿತು. ಗುರುವಾಯನಕೆರೆ, ನಾರಾವಿ, ಕಾರ್ಕಳ, ಉಡುಪಿ. ಅಲ್ಲಿಂದ ಹೆದ್ದಾರಿ 66. ಕಾರಂತರ ಊರು ಕೋಟ ದಾಟಿದಾಗ ಸೂರ್ಯ ಮುಳುಗಿದ್ದ.

ಮನೆ ನೋಡಿಕೊಳ್ಳುವವರು ಹಿಂದಿನ ತೋಟದಲ್ಲೇ ಇದ್ದ ಒಬ್ಬ ಅಕ್ಕ. ಬೀಗದ ಕೈ ಕೊಟ್ಟರು, ಬಾವಿಯ ಪಂಪಿನ ಸ್ವಿಚ್ಚು ತೋರಿಸಿದರು. ಆಧಾರ್ ಕಾರ್ಡು ತೆಗೆದುಕೊಟ್ಟೆವು. ನಮ್ಮಿಬ್ಬರ ವಿಳಾಸ ಬೇರೆ ಬೇರೆ. ಏನಾದರೂ ಕೇಳುತ್ತಾರೇನೋ ಅಂತ ನಾನು ಕಾಯುತ್ತಿದ್ದೆ. ಅವರು ನನ್ನ ಕೈಯ ಮೆಹಂದಿ, ಕತ್ತಿನ ಅರಿಶಿನ ದಾರ ನೋಡಿ ಕಾರ್ಡು ವಾಪಸ್ ಕೊಟ್ಟರು. ನಮ್ಮ ಜೊತೆ ಅಕ್ಕ ಸ್ವಲ್ಪ ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಬೆಂಗಳೂರಿನವರು ಅಂತ. ಒಂದೇ ಒಂದು ಮಾತು ಮಾತ್ರ ಅವರದ್ದೇ ಭಾಷೆಯಲ್ಲಿ, ಬೆರಳು ಎತ್ತಿ ಹೇಳಿದರು: "ಕಡಲ್ ಜೋರಿತ್ತ್. ಇಳೂಕಾಗ." ಕಡಲು ಜೋರಾಗಿದೆ, ಇಳಿಯಬಾರದು ಅಂತ.

ಮೊದಲ ರಾತ್ರಿ, ಸುಳ್ಳು ಯಾಕೆ ಹೇಳಲಿ, ಬಹಳ ಕಸಿವಿಸಿ ಆಯಿತು. ವಾರಗಟ್ಟಲೆ ಸುತ್ತ ನೂರಾರು ಜನ. ಅವರ ನಡುವೆ ನಾವಿಬ್ಬರೂ ಕಣ್ಣಲ್ಲೇ ಮಾತಾಡಿ ನಗುತ್ತಿದ್ದೆವು. ಇಲ್ಲಿ ನೋಡಿದರೆ ಯಾರೂ ಇಲ್ಲ. ಏನು ಮಾತಾಡೋದು? ನಿಶ್ಚಿತಾರ್ಥದಿಂದ ಮದುವೆವರೆಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದವರೇ ನಾವು. ಫೋನಿನಲ್ಲಿ ಮಾತು ಮುಗಿದರೆ ಇಡಬಹುದು. ಜಗಲಿಯಲ್ಲಿ ಹಾಗೆ ಇಡೋಕೆ ಬರಲ್ಲ. ಕರೆಂಟು ಬೇರೆ ಹೋಯಿತು. ಸೆಕೆಗೆ ಮೈಯೆಲ್ಲಾ ಅಂಟು. ಕೆಂಪು ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗಿ, ಮೊಬೈಲ್ ಟಾರ್ಚಿನಲ್ಲಿ ಮಾಡಿನ ಹಂಚು ನೋಡಿದೆವು. ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದಿದ್ದು, ನೇತ್ರಾವತಿ ದಡದ ಜೇಡಿಮಣ್ಣು ತಂದು ಸುಡುತ್ತಿದ್ದದ್ದು, ಇದೆಲ್ಲಾ ಅವನಿಗೆ ಗೊತ್ತಿತ್ತು. ಅವನು ಸಿವಿಲ್ ಇಂಜಿನಿಯರ್. ಹಂಚಿನ ಬಗ್ಗೆ ಅರ್ಧ ಗಂಟೆ ಮಾತಾಡಿದ. ಹನಿಮೂನಿನಲ್ಲಿ ಹಂಚಿನ ಬಗ್ಗೆ ಮಾತಾಡುವ ಗಂಡ ಸಿಕ್ಕಿದ್ದಾನಲ್ಲಾ ಅಂತ ನಗು ಬಂತು. ನಕ್ಕ ಮೇಲೆ ಸ್ವಲ್ಪ ಹಗುರಾಯಿತು.

ಬೆಳಗ್ಗೆ ಅಡುಗೆಮನೆ ತೆರೆದೆವು. ಎರಡು ಒಲೆಯ ಗ್ಯಾಸು, ಅಲ್ಯೂಮಿನಿಯಂ ಪಾತ್ರೆಗಳು, ಮಿಕ್ಸಿ, ಮೂಲೆಯಲ್ಲಿ ಕಡೆಯುವ ಕಲ್ಲು, ಕಾಯಿ ತುರಿಯೋಕೆ ಕೂತು ತುರಿಯುವ ಮಣೆ. ಯಾವ ಡಬ್ಬದಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅದೇ ಅದರ ಚೆಂದ. ಇಬ್ಬರೂ ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡಿದೆವು. ಉಪ್ಪು ಎಲ್ಲಿ ಇಡೋದು ಅಂತ ಮೊದಲ ಸಲ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಕಿಟಕಿ ಪಕ್ಕ. ಹೊರಡುವ ದಿನದವರೆಗೆ ಅದು ಅಲ್ಲೇ ಇತ್ತು.

ಮೀನಿನವರು ಬರುವ ಹೊತ್ತು ಅಕ್ಕ ಹೇಳಿಕೊಟ್ಟಿದ್ದರು. ಬಂಗುಡೆ ತಗೊಂಡೆವು. ರೇಟು ಜಾಸ್ತಿ ಅನಿಸಿತು. ಅದಕ್ಕೂ ಕಾರಣ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ನಾಡದೋಣಿಯವರಿಗೆ ಮಾತ್ರ ವಿನಾಯಿತಿ. ನಾವು ಹೋಗಿದ್ದು ಆ ನಿಷೇಧದ ಹಿಂದಿನ ವಾರ. ಊರಲ್ಲಿ ಎಲ್ಲಿ ನೋಡಿದರೂ ಮಳೆಗಾಲದ ತಯಾರಿ. ಅಂಗಳದಲ್ಲಿ ಒಣಮೀನು, ಚಾಪೆ ಮೇಲೆ ಹಲಸಿನ ಹಪ್ಪಳ, ಕೊಟ್ಟಿಗೆಯಲ್ಲಿ ಒಟ್ಟಿದ ಸೌದೆ.

ಮೀನು ತಂದರೆ ಸಾಕಾ, ಕೊಯ್ಯಬೇಕಲ್ಲ. ನಮ್ಮ ಮನೆಯಲ್ಲಿ ಮೀನು ಅಂದರೆ ಅಂಗಡಿಯಲ್ಲೇ ಕತ್ತರಿಸಿ ಕವರಿಗೆ ಹಾಕಿಕೊಡುವುದು. ಅಕ್ಕ ಮೆಟ್ಟುಕತ್ತಿ ತಂದು ಹಿತ್ತಲಲ್ಲಿ ಕೂತರು. ನಮ್ಮ ಈಳಿಗೆ ಮಣೆಯೇ ಅದು, ಸ್ವಲ್ಪ ಬೇರೆ ರೂಪ. ನಾನು ಬಗ್ಗಿ ನೋಡುತ್ತಿದ್ದೆ. ಅಕ್ಕ ಅವನ ಕಡೆ ನೋಡಿ "ನೀವು ಕೂತ್ಕೊಳ್ಳಿ" ಅಂದರು. ಕುರ್ಚಿ ಕೊಡುತ್ತಾರೆ ಅಂದುಕೊಂಡ ಅವನು. ಅವರು ಕೊಟ್ಟಿದ್ದು ಮೆಟ್ಟುಕತ್ತಿ. ಒಂದು ಕಾಲಿನಿಂದ ಮಣೆ ಅದುಮಿ, ಮೀನಿನ ತಲೆ ಹಿಡಿದು, ಕಿವಿರು ಎತ್ತಿ ಎಳೆಯಬೇಕು. ಕೆಂಪಗೆ ಬಾಚಣಿಗೆಯ ಹಾಗೆ ಹೊರಗೆ ಬರುತ್ತದೆ. ಆಮೇಲೆ ಹೊಟ್ಟೆ ಸೀಳಿ, ಒಳಗಿನ ಕಪ್ಪು ಪೊರೆಯನ್ನು ಬೆರಳಲ್ಲಿ ಉಜ್ಜಿ ತೆಗೆಯಬೇಕು. ಅದು ಉಳಿದರೆ ಸಾರು ಕಹಿ. ಮೈ ಮೇಲೆ ಓರೆಯಾಗಿ ಎರಡು ಗೀರು, ಖಾರ ಹಿಡಿಯೋಕೆ. ಉಪ್ಪು ಹುಣಸೆ ಹಾಕಿ ತಿಕ್ಕಿ ತೊಳೆದರೆ ಲೋಳೆ ಹೋಗುತ್ತದೆ. ಮೊದಲ ಮೀನಿಗೆ ಅವನ ಮುಖ ನೋಡುವ ಹಾಗಿರಲಿಲ್ಲ. ಕೊನೆಯದಕ್ಕೆ ಬರುವಷ್ಟರಲ್ಲಿ ಪೊರೆ ಪೂರ್ತಿ ಬಂತಾ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದ.

ಅವನು ಕೊಯ್ದ, ನಾನು ಮಸಾಲೆ ಹುರಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ. ಚನ್ನರಾಯಪಟ್ಟಣದ ತೆಂಗಿನಕಾಯಿಯನ್ನು ಅವನೇ ತುರಿದ. ಕರೆಂಟು ಹೋಗಿದ್ದರಿಂದ ರುಬ್ಬಿದ್ದು ಕಲ್ಲಿನಲ್ಲಿ, ಅದೂ ಅವನೇ. ನಾನು ಜಗಲಿಯಲ್ಲಿ ಕಾಲು ಚಾಚಿ ಮಾವಿನಹಣ್ಣು ತಿನ್ನುತ್ತಾ ಕೂತೆ. ಗಂಡ ರುಬ್ಬುತ್ತಿದ್ದಾನೆ, ಹೆಂಡತಿ ಕೂತಿದ್ದಾಳೆ. ಇದನ್ನು ನೋಡಿ "ಅಯ್ಯೋ ಏಳಪ್ಪಾ" ಅನ್ನೋರು ಯಾರೂ ಇರಲಿಲ್ಲ. ಬರೆದರೆ ಇದು ಚಿಕ್ಕ ವಿಷಯ. ಆದರೆ ನಮ್ಮ ಎರಡೂ ಮನೆಗಳಲ್ಲಿ ಇದು ಆಗೋದಿಲ್ಲ. ಅವನಿಗೆ ಮನಸ್ಸಿಲ್ಲ ಅಂತಲ್ಲ, ನನಗೆ ಧೈರ್ಯ ಇಲ್ಲ ಅಂತಲೂ ಅಲ್ಲ. ಅಲ್ಲಿ ನಾವಿಬ್ಬರೂ ಮೊದಲು ಮಗ, ಮಗಳು, ಸೊಸೆ. ಗಂಡ ಹೆಂಡತಿ ಅನ್ನೋದು ಆಮೇಲೆ, ರೂಮಿನ ಬಾಗಿಲು ಹಾಕಿದ ಮೇಲೆ.

ಕುಚ್ಚಲಕ್ಕಿಯದ್ದೇ ಒಂದು ಕಥೆ. ಅದು ನಮ್ಮ ಸೋನಾ ಮಸೂರಿ ಅಲ್ಲ, ಎರಡು ಸೀಟಿಗೆಲ್ಲಾ ಬಗ್ಗೋದಿಲ್ಲ. ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಇಟ್ಟು, ಅಕ್ಕಿ ಹಾಕಿ, ಗಂಟೆ ಹೊತ್ತು ಬೇಯಿಸಿ ಬಸಿಯಬೇಕು. ಬಸಿದ ಗಂಜಿನೀರಿಗೆ ಉಪ್ಪು ಹಾಕಿ ಕುಡಿಯೋದು ಬೇರೆ. ಅಕ್ಕಿ ಬೇಯುವ ಆ ಒಂದು ಗಂಟೆ ನಮಗೆ ಮಾತಿಗೆ ಸಿಕ್ಕಿತು. ಯಾರ ಸಾಲ ಎಷ್ಟು, ನನ್ನ ಸಂಬಳದಲ್ಲಿ ಅಮ್ಮನಿಗೆ ಕೊಡೋದು ಎಷ್ಟು, ಮಗು ಯಾವಾಗ, ಅವನಿಗೆ ನಿಜವಾಗಲೂ ನನ್ನ ಬಸ್ಸಾರು ಇಷ್ಟವಾ ಅಥವಾ ಸುಮ್ನೆ ಹೇಳಿದ್ದಾ. ಸುಮ್ನೆ ಹೇಳಿದ್ದಂತೆ. ಅವನಿಗೆ ಉಪ್ಸಾರೇ ಬೇಕು. ಸಾರಿಗೆ ಬೆಲ್ಲ ಹಾಕಬೇಕಾ ಬೇಡವಾ ಅನ್ನೋದಕ್ಕೆ ನಮ್ಮ ಮೊದಲ ಜಗಳವೂ ಅಲ್ಲೇ ಆಯಿತು. ಜಗಳ ಮಾಡಿ ಸಿಡುಕಿ ಹೋಗೋಕೆ ಇನ್ನೊಂದು ರೂಮು ಇರಲಿಲ್ಲ, ದೂರು ಹೇಳೋಕೆ ಯಾರೂ ಇರಲಿಲ್ಲ. ಹಾಗಾಗಿ ಬೇಗ ಮುಗಿಯಿತು.

ತಿರುಗಾಡಲಿಲ್ಲ ಅಂತಲ್ಲ. ಮರವಂತೆಗೆ ಹೋದೆವು. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಕೊಲ್ಲೂರಿನ ಕಡೆಯಿಂದ ಇಳಿದು ಬಂದ ಹೊಳೆ ಇಲ್ಲಿ ಕಡಲಿಗೆ ಒಂದು ರಸ್ತೆಯಷ್ಟು ಹತ್ತಿರ ಬರುತ್ತದೆ. ಸೇರೋದಿಲ್ಲ. ತಿರುಗಿ ಗಂಗೊಳ್ಳಿಯ ಕಡೆ ಹೋಗಿ, ಬೇರೆ ಹೊಳೆಗಳ ಜೊತೆ ಅಲ್ಲಿ ಕಡಲಿಗೆ ಬೀಳುತ್ತದೆ. ಇದಕ್ಕೊಂದು ಪ್ರೇಮದ ಉಪಮೆ ಕೊಡಬಹುದು, ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನಾವು ಹೋದಾಗ ಅಲ್ಲಿ ಒಂದು ಜೋಡಿಯ ಪ್ರೀ ವೆಡ್ಡಿಂಗ್ ಶೂಟಿಂಗ್ ನಡೆಯುತ್ತಿತ್ತು. ಹುಡುಗಿಯ ಸೀರೆ ಸೆರಗು ಹಾರಿಸೋಕೆ ಒಬ್ಬ, ಡ್ರೋನ್ ಹಾರಿಸೋಕೆ ಒಬ್ಬ. ಮೇ ಬಿಸಿಲಿಗೆ ಮದುಮಗ ಬೆವೆತು ತೊಪ್ಪೆ. ತಡೆಗೋಡೆಯ ಕಲ್ಲುಗಳಿಗೆ ಅಲೆ ಹೊಡೆದ ಸದ್ದಿಗೆ ಡೈರೆಕ್ಟರ್ ಕೂಗಿದ್ದು ಅವರಿಬ್ಬರಿಗೂ ಕೇಳುತ್ತಿರಲಿಲ್ಲ.

ಅಕ್ಕನ ಯಜಮಾನರು ಗಂಗೊಳ್ಳಿಯಿಂದ ಹೋಗುವ ಬೋಟಿನಲ್ಲಿ ಕೆಲಸ. ಒಂದು ಸಲ ಹೋದರೆ ದಿನಗಟ್ಟಲೆ ಕಡಲಲ್ಲೇ. ನಾವಿದ್ದಾಗ ಅವರು ಆ ವರ್ಷದ ಕೊನೆಯ ಫೇರಿ ಮುಗಿಸಿ ಬಂದರು. ಅಕ್ಕ ಹಪ್ಪಳ ಮಗುಚಿ ಹಾಕುತ್ತಾ ಅಂದರು, "ಇನ್ನು ಎರಡು ತಿಂಗಳು ಮನೆಯಲ್ಲೇ. ಮದುವೆಯಾದ ಹೊಸದರಲ್ಲಿ ನಾನು ಮಳೆ ಯಾವಾಗ ಬರ್ತದೆ ಅಂತ ಕಾಯ್ತಾ ಇದ್ದೆ. ಈಗ ಯಾವಾಗ ಮುಗೀತದೆ ಅಂತ ಕಾಯೂದು." ಒಳಗಿನಿಂದ ಅವರ ಯಜಮಾನರು ಏನೋ ಗೊಣಗಿದರು. ನನ್ನ ಆಷಾಢದ ವಿಷಯ ಹೇಳಿದೆ. ಅವರಲ್ಲೂ ಹೊಸ ಮದುಮಗಳು ಆಸಾಡಿಗೆ ತವರಿಗೆ ಹೋಗುತ್ತಾಳಂತೆ. ಹಾಗಾದರೆ ಅವರ ಮೊದಲ ಮಳೆಗಾಲದಲ್ಲಿ ಗಂಡ ಬೋಟು ಬಿಟ್ಟು ಮನೆಗೆ ಬಂದಾಗ ಇವರು ತವರಲ್ಲಿ! "ಮತ್ತೆ ಏನು ಮಾಡಿದ್ರಿ ಅಕ್ಕಾ?" ಅಂದೆ. "ಎಂತ ಮಾಡೂದು, ಅವರೂ ನಮ್ಮ ಮನೆಗೇ ಬಂದ್ರು. ದಿನಾ ಒಂದು ನೆಪ. ಒಂದು ದಿನ ಕೊಡೆ ಮರ್ತು ಹೋದ್ರು, ಮರುದಿನ ಕೊಡೆ ತಗೊಂಡು ಹೋಗೂಕೆ ಬಂದ್ರು." ಇದನ್ನು ಕೇಳುತ್ತಾ ನನ್ನ ಗಂಡ ಬಹಳ ಗಂಭೀರವಾಗಿ ತಲೆಯಾಡಿಸುತ್ತಿದ್ದ. ನಾಗರಬಾವಿ, ವಿಜಯನಗರ ಎರಡೂ ಬೆಂಗಳೂರಿನಲ್ಲೇ, ಹತ್ತಿರ ಹತ್ತಿರ.

ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ. ರೆಸಾರ್ಟು ಬೇಡ, ಮನೆ ಹಿಡಿಯಿರಿ. ಫೋನಿನಲ್ಲಿ ಕಡಲು ಎಷ್ಟು ದೂರ ಅಂತ ಕೇಳೋದಕ್ಕಿಂತ ಮೊದಲು ಗ್ಯಾಸ್ ಒಲೆ ಇದೆಯಾ, ಇನ್ವರ್ಟರ್ ಇದೆಯಾ, ಕುಡಿಯೋ ನೀರು ಬಾವಿಯದ್ದಾ ಅಂತ ಕೇಳಿ. ಕರೆಂಟಿನ ವಿಷಯ ನಮಗೆ ಮನೆ ಬಾಡಿಗೆಗೆ ಕೊಟ್ಟವರು ಮುಚ್ಚಿಟ್ಟಿದ್ದರು, ಅದೊಂದು ಕೋಪ ನನಗಿದೆ. ಮೇ ಕೊನೆಗೆ ಹೋದರೆ ಮೀನು, ಮಾವು, ಹಲಸು ಎಲ್ಲಾ ಸಿಗುತ್ತದೆ, ಕಡಲಿಗೆ ಮಾತ್ರ ಇಳಿಯಬೇಡಿ. ಈಜಬೇಕು ಅನ್ನೋರು ಡಿಸೆಂಬರ್ ಜನವರಿಗೆ ಇಟ್ಟುಕೊಳ್ಳಿ.

ವಾಪಸ್ ಬಂದಿದ್ದು ಹೆಬ್ರಿಯ ಮೇಲೆ, ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ, ತುಮಕೂರಿನ ದಾರಿಯಲ್ಲಿ. ಆಗುಂಬೆ ನೋಡೋ ಆಸೆ ಅಂತ ಮನೆಗೆ ಹೇಳಿದೆವು. ನಿಜವಾದ ಕಾರಣ, ಆ ದಾರಿಯಲ್ಲಿ ನಮಗೆ ನೆಂಟರಿಲ್ಲ.

ಬಂದ ದಿನ ಅತ್ತೆ ಫೋಟೋಗಳನ್ನೆಲ್ಲಾ ನೋಡಿದರು. ಮೆಟ್ಟುಕತ್ತಿ ಮೇಲೆ ಮಗ ಕೂತಿದ್ದ ಫೋಟೋ ಹತ್ತಿರ ನಿಂತರು. ದೊಡ್ಡದು ಮಾಡಿ ನೋಡಿದರು. "ಹನಿಮೂನಿಗೆ ಅಂತ ಹೋಗಿ ಮೀನು ಕೊಯ್ದು, ಪಾತ್ರೆ ತೊಳೆದು ಬಂದ್ರಾ?" ಅಂದರು. ಬೇಜಾರಾಯಿತೇನೋ ಅಂದುಕೊಂಡೆ. ಆ ವಿಷಯ ಅಲ್ಲಿಗೇ ನಿಂತಿತು, ಆಷಾಢಕ್ಕೆ ನಾನು ವಿಜಯನಗರಕ್ಕೆ ಬಂದೆ. ಅವನು ದಿನಾ ಒಂದು ನೆಪ ಹಿಡಿದು ಬರುತ್ತಿದ್ದ. ಕೊಡೆ ಮರೆತು ಹೋಗುವಷ್ಟು ಮಳೆ ಈ ಸಲ ಬೆಂಗಳೂರಿಗೆ ಬರಲಿಲ್ಲ, ಹಾಗಾಗಿ ಲ್ಯಾಪ್‌ಟಾಪ್ ಚಾರ್ಜರ್ ಮರೆಯುತ್ತಿದ್ದ.

ಮೊನ್ನೆ ಅತ್ತೆ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು: "ಆ ಮನೇಲಿ ರೂಮು ಎಷ್ಟಮ್ಮಾ?"

"ಒಂದೇ ಅತ್ತೆ."

"ಒಂದು ಸಾಕು ಬಿಡು. ನಾನೂ ನಿಮ್ಮ ಮಾವನೂ ಅಷ್ಟೇ ಹೋಗೋದು. ಬೇರೆ ಯಾರಿಗೂ ಹೇಳ್ಬೇಡ, ಆಮೇಲೆ ಎಲ್ಲಾರೂ ಬರ್ತೀವಿ ಅಂತಾರೆ. ಮಿಕ್ಸಿ ಇದೆಯಾ ಅಲ್ಲಿ?"

ಇದೆ ಅಂದೆ. ಆದರೆ ಕರೆಂಟು ಹೋಗುತ್ತಿರುತ್ತದೆ, ಕಡೆಯುವ ಕಲ್ಲಿನ ಮುಂದೆ ಮಾವನನ್ನು ಕೂರಿಸಿ ಅಂತಲೂ ಹೇಳಿದೆ.